ಗುಲಾಬಿಯಕ್ಕನಿಗೆ ತಾರಸಿಯೇ ಬೇಕು

ಸ್ನೇಹಿತರೇ, ಕಿರಿಮಂಜೇಶ್ವರದಲ್ಲಿ ಗುಲಾಬಿಯಕ್ಕನಿಗೆಂದು ನಾವು ಕಡಿಮೆ ಖರ್ಚಿನಲ್ಲಿ ಕಟ್ಟಿಸುತ್ತಿರುವ ಮಣ್ಣಿನ ಇಟ್ಟಿಗೆಯ ಮನೆಯನ್ನು ಇಂದು ಅವರೇ ಬೇಡವೆಂದರು. ಸುದ್ದಿ ಮುಟ್ಟಿಸಿದವರು ಮೇಸ್ತ್ರಿ ಶೀನಣ್ಣ. ಕೂಡಲೇ ಹೋದೆ.

ಮೀನು ಮಾರುವ ಅಕ್ಕ ಅರ್ಧ ಹೊದಿಸಿದ ಹೆಂಚು ತೋರಿಸಿದರು. “ಇದ್ರ್ ಮೇಲ್ ಮೀನ್ ಒಣ್ಸುದ್ ಹ್ಯಾಂಗೆ ಮಾರಾಯ್ರೆ? ಅಂಗ್ಳದಗೆ ಹಾಕ್ರೆ ಬೆಕ್ಕ್ ಬಿಡತ್ತಾ? ನಂಗ್ ತಾರ್ಸಿಯೇ ಆಯ್ಕ್.”

“ಒಂದ್ಸಲ ಒಳ್ಗ್ ಕೂಕಣಿ ಅಕ್ಕ, ಕಾಂಬ,” ಎಂದರು ಶೀನಣ್ಣ.

ಅಕ್ಕ ಬೈಯುತ್ತಲೇ ಒಳಹೋಗಿ ಕೂತರು. ಗೋಡೆಯ ಕಿಂಡಿಗಳಿಂದ ಕಡಲ ಗಾಳಿ ಬರುತ್ತಿತ್ತು. ಬಿಸಿಲಿನ ಚುಕ್ಕಿಗಳು ನೆಲದ ಮೇಲೆ ಮೀನಿನ ಮರಿಗಳಂತೆ ಈಜುತ್ತಿದ್ದವು. ಬೈಗುಳ ನಿಂತಿತು. ಇಣುಕಿದರೆ, ಅಕ್ಕ ಗೋಡೆಗೊರಗಿ ನಿದ್ದೆ ಹೋಗಿದ್ದಾರೆ. ಹೊರಗೆ ನಾವೂ ಪಿಸುದನಿಯಲ್ಲೇ ಮಾತಾಡಿದೆವು.

ಎದ್ದವರು, ಇಣುಕುತ್ತಿದ್ದ ನಮ್ಮನ್ನು ಗದರಿದರು: “ಎಂತ ಕಾಂತ್ರಿ? ಹೆಂಚೇ ಇರ್ಲಿ. ಬೆಕ್ಕ್ ಓಡ್ಸುಕೆ ನೀವೇ ಬನ್ನಿ.”

ಉಳಿದ ಹೆಂಚನ್ನು ಸೋಮವಾರ ಹೊದಿಸಲಾಗುವುದು. ಬೆಕ್ಕು ಕಾಯುವ ಮೊದಲ ಪಾಳಿ ಶೀನಣ್ಣನದು.