ಬೆಳಗಿನ ಪಾಳಿಯ ನೀರು

ರೊಳ್ಳದ ಹತ್ತಿರ ನನ್ನ ಅಕ್ಕನ ಊರಿನಲ್ಲಿ ಐದು ಮನೆಯವರು ಕೂಡಿ ಸಂಘ ಕಟ್ಟಿಕೊಂಡು, ಪಾಲಿನ ಬೋರಿಗೆ ಸೋಲಾರ್ ಮೋಟರ್ ಹಾಕಿಸಿದ್ದರು. ಹಳೆಯ ಕರೆಂಟ್ ಮೋಟರನ್ನು ಎತ್ತಿ ಮಾರಿದ್ದರು. ತ್ರೀಫೇಸ್ ಯಾವಾಗ ಬರುತ್ತದೋ ಎಂದು ಕಾದು, ಟಾರ್ಚ್ ಹಿಡಿದು, ಹಾವಿನ ಭಯದಲ್ಲಿ ತೋಟಕ್ಕೆ ಓಡುವುದು ಅಲ್ಲಿಗೆ ಮುಗಿಯಿತು. ಭಾವ ಫೋನ್ ಮಾಡಿದಾಗಲೆಲ್ಲ ಅದೇ ಮಾತು.

ನೀರಿನ ಪಾಳಿಯನ್ನು ಮಾತ್ರ ಹಳೆಯ ಲೆಕ್ಕದಲ್ಲೇ ಹಂಚಿಕೊಂಡರು. ಆ ಕಡೆ ಪಾಲಿನ ನೀರನ್ನು ಗಂಟೆಯಿಂದ ಅಳೆಯುತ್ತಾರೆ. ಎಲ್ಲರಿಗೂ ಸಮ ಹೊತ್ತು. ಕರೆಂಟ್ ಮೋಟರು ಯಾವ ಹೊತ್ತಿನಲ್ಲೂ ಒಂದೇ ಸಮ ಎತ್ತುತ್ತಿದ್ದರಿಂದ ಅದು ನ್ಯಾಯವೇ ಆಗಿತ್ತು. ಚೀಟಿ ಎತ್ತಿದಾಗ ಅಕ್ಕನಿಗೆ ಬೆಳಗಿನ ಮೊದಲ ಪಾಳಿ ಬಂತು. ಎಳೆಬಿಸಿಲಿಗೆ ಮೋಟರ್ ಅರ್ಧ ನೀರನ್ನೂ ಎತ್ತದು ಎಂಬುದು ಐದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ಮೋಟರ್ ಹತ್ತಿರ ಸುಳಿಯುವಂತಿಲ್ಲ. ಸುಳಿದರೆ ಅನುಮಾನಪಟ್ಟಂತೆ. ಹಾಗಾಗಿ ಯಾರ ನೀರನ್ನೂ ಯಾರೂ ನೋಡಿರಲಿಲ್ಲ.

ನಾನು ರಾಯದುರ್ಗದಿಂದ ಹೋದಾಗ ಮೋಡ ಮುಚ್ಚಿ ವಾರವಾಗಿತ್ತು, ಮಳೆ ಇರಲಿಲ್ಲ. ಅಕ್ಕನ ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಅದು ಕಡೆಯ ಸಲ ಪೊರೆ ಬಿಡುವ ಹಂತ. ಎದ್ದ ಮೇಲೆ ಗೂಡು ಕಟ್ಟುವ ತನಕ ಹೊತ್ತುಹೊತ್ತಿಗೆ ಹೊಟ್ಟೆ ತುಂಬ ಹಿಪ್ಪುನೇರಳೆ ಸೊಪ್ಪು ಬೀಳಬೇಕು. ಅವಳ ತೋಟದಲ್ಲಿ ಎಲೆ ಸಣ್ಣಗಾಗಿ ಅಂಚು ಹಳದಿ ತಿರುಗಿತ್ತು. ಇದ್ದಷ್ಟನ್ನೂ ಕೊಯ್ದರೆ ಅರ್ಧ ಹುಳುವಿಗೆ ಆಗುತ್ತಿತ್ತು.

ನಡುಹೊತ್ತಿನ ಪಾಳಿ ಪಕ್ಕದ ತೋಟದ ಹಿರಿಯರದು. ಅಕ್ಕ ಅವರನ್ನು ಮಾವ ಅನ್ನುತ್ತಾಳೆ. ಅವರ ತೋಟ ಕಡುಹಸಿರಾಗಿ ನಿಂತಿತ್ತು. ಆದರೆ ಅವರ ಮನೆಯಲ್ಲೂ ಹುಳು ಎದ್ದಿದ್ದವು. ಸೊಪ್ಪು ಕೇಳುವ ಹಾಗಿರಲಿಲ್ಲ. ಅವಳು ನೀರು ಕೇಳಿದಳು.

“ಚೀಟಿ ಎತ್ತಿದ್ದು ನಿನ್ ಕೈಯೇ ಕಣಮ್ಮ. ತಂಪೊತ್ತು ಸಿಕ್ತು ಅಂತ ಅವತ್ತು ಕುಣಿದ್ಯಲ್ಲ?”

“ಗಡಿಯಾರ ಸಮ ಐತೆ ಮಾವ, ನೀರು ಸಮ ಇಲ್ಲ. ನಾಳೆ ಬೆಳಗ್ಗೆ ಬಂದು ನೋಡಿ. ಕೂಸು ಉಚ್ಚೆ ಹೊಯ್ದಂಗೆ ಬತ್ತೈತೆ.”

ಅವಳೇ ಕರೆದಿದ್ದರಿಂದ ಮರುದಿನ ಬೆಳಗ್ಗೆ ಅವರು ಬಂದರು. ಪೈಪಿನ ಬಾಯಿಗೆ ಅಂಗೈ ಒಡ್ಡಿದರು.

“ಥೂ, ಇದೇನವ್ವ! ಮೊದ್ಲೇ ಯಾಕೆ ಬಾಯಿ ಬಿಡ್ಲಿಲ್ಲ?”

“ನಿಮ್ ತೋಟದ ಹಸಿರು ನೋಡೋಗಂಟ ಎಲ್ರಿಗೂ ಹಿಂಗೇ ಅಂದ್ಕಂಡಿದ್ದೆ.”

ಅಲ್ಲಿಂದಲೇ ಉಳಿದ ಮೂರು ಮನೆಯವರನ್ನು ಕೂಗಿ ಕರೆಸಿದರು. ಪಾಳಿ ವಾರಕ್ಕೊಮ್ಮೆ ಬದಲಾಗಬೇಕು ಎಂದು ಮಾತಾಯಿತು. ಯಾರೂ ತಕರಾರು ತೆಗೆಯಲಿಲ್ಲ.

“ಇವತ್ತಿನ ನಡುಹೊತ್ತು ನೀನೇ ತಗ,” ಎಂದರು ಹಿರಿಯರು.

“ನೀರು ಇವತ್ತು ಬಿಟ್ರೆ ಸೊಪ್ಪು ನಾಳೆ ಬತ್ತೈತಾ ಮಾವ?”

ಅವರು ಟವೆಲಿನಲ್ಲಿ ಕೈ ಒರೆಸಿಕೊಂಡರು.

ಭಾವ ಸೊಪ್ಪು ಕೊಳ್ಳಲು ಬೈಕಿನಲ್ಲಿ ಗುಡಿಬಂಡೆಯವರೆಗೂ ಹೋಗಿ ಖಾಲಿ ಬಂದರು. ಅಲ್ಲೂ ಎಲ್ಲರ ಹುಳು ಒಟ್ಟಿಗೇ ಎದ್ದಿದ್ದವು. ಎಲ್ಲಕ್ಕೂ ಅರೆಹೊಟ್ಟೆ ಹಾಕಿದರೆ ಒಂದೂ ಗೂಡು ಕಟ್ಟುವುದಿಲ್ಲ ಎಂದು ಅಕ್ಕ ಹೇಳಿದಳು. ಆಮೇಲೆ ಹುಳುವಿನ ತಟ್ಟೆಗಳನ್ನು ಒಂದೊಂದಾಗಿ ಇಳಿಸಿ, ಹಿಂದೆ ಬಿದ್ದ ಸಣ್ಣ ಹುಳುಗಳನ್ನು ಎಸೆಯಲು ಬೇರೆ ಆರಿಸತೊಡಗಿದಳು. ಸಣ್ಣವು ಮುಗಿದರೂ ಇದ್ದ ಸೊಪ್ಪಿಗೆ ಲೆಕ್ಕ ಸರಿಹೋಗಲಿಲ್ಲ. ದಪ್ಪ ಹುಳುಗಳಿದ್ದ ತಟ್ಟೆಗಳಿಗೂ ಕೈ ಹಾಕಿದಳು. ಸೊಪ್ಪು ಬಂತೆಂದು ಅವು ತಲೆ ಎತ್ತುತ್ತಿದ್ದವು.

“ಕಾಯಿಲೆ ಬಿದ್ದಿದ್ರೆ ಎಸೀಬೋದಿತ್ತು,” ಎಂದಳು ನನ್ನ ಕಡೆ ನೋಡದೆ. “ಎಲ್ಲಾ ಗಟ್ಟಿಮುಟ್ಟಾಗವೆ.”

ತಿಪ್ಪೆಯ ಪಕ್ಕ ಭಾವ ಗುಂಡಿ ತೋಡಿದ್ದರು. ನಾನು ತಟ್ಟೆಗಳನ್ನು ಹೊತ್ತುಕೊಟ್ಟೆ, ಅವಳು ಹುಳುಗಳನ್ನು ಗುಂಡಿಗೆ ಬಗ್ಗಿಸಿದಳು. ಭಾವ ಸನಿಕೆಯಿಂದ ಮಣ್ಣು ಎಳೆಯುತ್ತಿದ್ದಾಗ ತೋಟದ ಕಡೆಯಿಂದ ಹಿರಿಯರು ಕೂಗಿದರು: “ಪಾಳಿ ನಿಂದು, ಬಾರವ್ವ!” ಮೋಡದ ನಡುವೆ ಸ್ವಲ್ಪ ಬಿಸಿಲು ಬಿದ್ದಿತ್ತು. ಅಕ್ಕ ಕೈ ಕೂಡ ತೊಳೆಯದೆ ನೀರು ಕಟ್ಟಲು ಹೋದಳು.