ಬೆನ್ನು ಮಾತ್ರ ಕಾಣುವ ಪಾತ್ರ

ಕೊಲ್ಲಿ ದೇಶದ ಅಹ್ಮದಿಯಲ್ಲಿ ಕಂಪನಿ ನಮಗೆ ಕೊಟ್ಟಿದ್ದ ಮನೆಯ ನಡುಮನೆಯಲ್ಲಿ ಚಳಿ ಕಾಯಿಸುವ ಬೆಂಕಿಗೂಡು ಇತ್ತು. ಐವತ್ತು ವರ್ಷದ ಹಿಂದೆ ಇಂಗ್ಲಿಷರು ತಮ್ಮ ಅಧಿಕಾರಿಗಳಿಗೆಂದು ಕಟ್ಟಿಸಿದ್ದ ಮನೆ ಅದು. ಮುಂದೆ ಹುಲ್ಲುಹಾಸು, ಅದರ ಸುತ್ತ ಗಿಡಗಳ ಬೇಲಿ. ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯಲ್ಲಿ ಪಾತ್ರೆ ದಾಟಿಸಲು ಒಂದು ಸಣ್ಣ ಕಿಂಡಿ, ಅದಕ್ಕೆರಡು ಮರದ ಬಾಗಿಲು. ನನ್ನ ಗಂಡ ಅಲ್ಲಿನ ಎಣ್ಣೆ ಕಂಪನಿಯಲ್ಲಿ ಉಪಕರಣಗಳ ಎಂಜಿನಿಯರ್. ನಾವು ಆ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ನಾನು ಧಾರವಾಡದಲ್ಲಿ ಗಣಿತ ಕಲಿಸುತ್ತಿದ್ದವಳು. ಗಂಡನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಹೋದವಳಾದ್ದರಿಂದ ಅಲ್ಲಿ ಕೆಲಸ ಮಾಡುವಂತಿರಲಿಲ್ಲ. ಹನ್ನೊಂದು ವರ್ಷ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಆ ಕೋಣೆಯಿಂದ ಈ ಕೋಣೆಗೆ ಅಡ್ಡಾಡಿದ್ದೇನೆ.

ಆ ವರ್ಷ ಜೂನ್ ತಿಂಗಳಲ್ಲಿ ಊರಿಗೆ ಹೋಗಿಬಿಡುವುದೆಂದು ನಿಶ್ಚಯವಾಗಿತ್ತು. ಮಗಳ ಹನ್ನೆರಡನೆಯ ತರಗತಿ ಮುಗಿಯುತ್ತಿತ್ತು. ಅವಳನ್ನು ಧಾರವಾಡದಲ್ಲಿ ಕಾಲೇಜಿಗೆ ಹಾಕುವುದು, ನಾನು ಮತ್ತೆ ಶಾಲೆ ಸೇರುವುದು, ಇವರು ಇಲ್ಲಿಯ ಕೆಲಸ ಬಿಡುವುದು. ಹಿಂದೆ ಮೂರು ಸಲ ಹೀಗೇ ನಿಶ್ಚಯ ಮಾಡಿ ಮೂರು ಸಲವೂ ಮುಂದೆ ಹಾಕಿದ್ದೆವು. ಈ ಸಲ ಮಾತ್ರ ನಾನು ಹಳೆಯ ಶಾಲೆಗೆ ಕಾಗದ ಬರೆದು, ಬನ್ನಿ ಎಂಬ ಉತ್ತರವನ್ನೂ ತರಿಸಿಕೊಂಡಿದ್ದೆ.

ಫೆಬ್ರವರಿಯ ಒಂದು ಸಂಜೆ ಇವರು ಬೂಟು ಬಿಚ್ಚುತ್ತಲೇ ಹೇಳಿದರು: "ಮುಂದಿನ ಶುಕ್ರವಾರದಿಂದ ನಮ್ಮ ಮನ್ಯಾಗ ಸಿನಿಮಾ ತೆಗೀತಾರ."

"ಯಾರು?"

"ನಮ್ಮ ಸಾಹೇಬ್ರ ಹೆಂಡ್ತಿ. ಆರು ಶುಕ್ರವಾರ ಅಷ್ಟ. ಹೂಂ ಅಂದು ಬಂದೇನಿ."

"ನನ್ನ ಕೇಳಬೇಕು ಅನಸಲಿಲ್ಲೇನ್ರಿ?"

"ಈಗ ಕೇಳಾಕತ್ತೇನಲ್ಲ."

ಇವರ ರೀತಿಯೇ ಅದು. ಎಲ್ಲ ಮುಗಿಸಿ ಬಂದು ಆಮೇಲೆ ಕೇಳುವುದು.

ಸಾಹೇಬರ ಹೆಂಡತಿ ಇಂಗ್ಲಿಷ್ ಶಾಲೆಯೊಂದರಲ್ಲಿ ನಾಟಕ ಕಲಿಸುತ್ತಿದ್ದಳು. ಐವತ್ತರ ಹತ್ತಿರದವಳು, ಎತ್ತರದ ಆಳು. ಕನ್ನಡಕವನ್ನು ಸದಾ ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಿರುವವಳು. ಕಥೆ ಅವಳದೇ, ನಿರ್ದೇಶನವೂ ಅವಳದೇ, ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ ಸಹ ಅವಳದೇ. ನಟರೆಲ್ಲ ಗುರುತಿನವರು. ಅಪ್ಪನ ಪಾತ್ರಕ್ಕೆ ಕಂಪನಿಯ ಸುರಕ್ಷತಾ ಅಧಿಕಾರಿ, ಅಮ್ಮನ ಪಾತ್ರಕ್ಕೆ ಜಾಬ್ರಿಯಾ ಬಡಾವಣೆಯ ಆಸ್ಪತ್ರೆಯ ಒಬ್ಬ ಇಂಗ್ಲಿಷ್ ನರ್ಸ್, ಮಕ್ಕಳಾಗಿ ಶಾಲೆಯ ಇಬ್ಬರು ಯುವ ಶಿಕ್ಷಕರು. ಇಂಗ್ಲಿಷರೆಲ್ಲ ಅಷ್ಟರಲ್ಲಿ ಸಮುದ್ರದ ದಂಡೆಯ ಹೊಸ ಫ್ಲ್ಯಾಟುಗಳಿಗೆ ಹೋಗಿಬಿಟ್ಟಿದ್ದರು. ಇಂಗ್ಲೆಂಡಿನ ಮನೆಯ ಹಾಗೆ ಕಾಣುವ ಮನೆ ಉಳಿದಿದ್ದದ್ದು ನಮ್ಮಂಥವರ ಬಳಿ.

ಮೊದಲ ದಿನ ಅವಳು ನನ್ನನ್ನು ಕೂರಿಸಿಕೊಂಡು ಕಥೆ ಹೇಳಿದಳು. ಇಂಗ್ಲೆಂಡಿನ ಒಂದು ಸಣ್ಣ ಊರಿನ ಕುಟುಂಬ. ಕ್ರಿಸ್ಮಸ್ ಊಟಕ್ಕೆ ಎಲ್ಲರೂ ಕೂಡಿದ್ದಾರೆ. ಯಾರಿಗೂ ಯಾರನ್ನು ಕಂಡರೂ ಆಗುವುದಿಲ್ಲ, ಆದರೂ ಮಾತು ಬಹಳ ಸಭ್ಯ. ಊಟದ ನಡುವೆ ಅಪ್ಪ, "ನಾನು ಈ ಮನೆ ಬಿಟ್ಟು ಹೋಗುತ್ತಿದ್ದೇನೆ" ಎನ್ನುತ್ತಾನೆ. ಯಾರಿಗೂ ಕೇಳಿಸುವುದಿಲ್ಲ. ಹೆಂಡತಿ ಸಾರಿನ ಬಟ್ಟಲು ಈಚೆ ಕೊಡು ಎನ್ನುತ್ತಾಳೆ. ಅವನು ಮತ್ತೆ ಹೇಳುತ್ತಾನೆ, ಮಗ ಕಿಟಕಿ ಮುಚ್ಚಲು ಏಳುತ್ತಾನೆ. ಮೂರನೆಯ ಸಲ ಹೇಳಿ ನಿಜವಾಗಿಯೂ ಎದ್ದು ಹೋಗುತ್ತಾನೆ. ಅವನಿಲ್ಲವೆಂದು ಮನೆಯವರಿಗೆ ಗೊತ್ತಾಗುವುದು ನಾಲ್ಕನೆಯ ದಿನ, ಕಸದ ಡಬ್ಬಿ ಹೊರಗಿಡುವವರಿಲ್ಲದಾಗ.

"ಇದು ನಗುವ ಕಥೆಯೋ, ಅಳುವ ಕಥೆಯೋ?" ಎಂದು ಕೇಳಿದೆ.

"ನಗಬೇಕು. ನಕ್ಕ ಮೇಲೆ ಯಾಕಾದರೂ ನಕ್ಕೆವೋ ಅನ್ನಿಸಬೇಕು," ಎಂದಳು.

ಊಟದ ಮೇಜಿಗೆ ದೊಡ್ಡದೊಂದು ಸುಟ್ಟ ಕೋಳಿ ಬೇಕಿತ್ತು. ನಮ್ಮದು ಕೋಳಿ ಒಳಗೆ ಬರುವ ಮನೆಯಲ್ಲ. ಅದನ್ನು ಹೇಳಲು ಸಂಕೋಚಪಟ್ಟು, ಕೊನೆಗೆ ಗೋದಿ ಹಿಟ್ಟಿನಲ್ಲಿ ನಾನೇ ಒಂದು ಕೋಳಿ ಮಾಡಿಕೊಟ್ಟೆ. ತೊಡೆ, ರೆಕ್ಕೆ ಎಲ್ಲ ತಿದ್ದಿ, ಬೆಲ್ಲದ ಪಾಕ ಸವರಿ ಓವನ್ನಿನಲ್ಲಿಟ್ಟಾಗ ಬಣ್ಣ ಚೆನ್ನಾಗಿಯೇ ಬಂತು. ಸುರಕ್ಷತಾ ಅಧಿಕಾರಿ ಅದನ್ನು ಕೊಯ್ಯಲು ಹೋದಾಗ ಚಾಕು ಬಾಗಿತು. ಅಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ನನಗೊಂದು ಕೆಲಸ ಸಿಕ್ಕಿತ್ತು.

ಶೂಟಿಂಗ್ ನಡೆಯುವಾಗ ಶಬ್ದವಾಗುತ್ತದೆಂದು ಏಸಿ ನಿಲ್ಲಿಸುತ್ತಿದ್ದರು. ಮಾರ್ಚ್ ಕಳೆದಂತೆ ಮನೆ ಕಾಯತೊಡಗಿತು. ನಟರು ಡಿಸೆಂಬರಿನ ಉಣ್ಣೆಯ ಸ್ವೆಟರ್ ಹಾಕಿಕೊಂಡು ಬೆವರೊರೆಸಿಕೊಳ್ಳುತ್ತ ಚಳಿಗೆ ನಡುಗುವಂತೆ ನಟಿಸುತ್ತಿದ್ದರು. ಹೊರಗಿನ ಬಿಸಿಲು ಇಂಗ್ಲೆಂಡಿನದಲ್ಲವಲ್ಲ, ಕಿಟಕಿಗೆ ಬೂದು ಬಟ್ಟೆ ಕಟ್ಟಿದರು. ಮಳೆ ಬೇಕಾದಾಗ ಇವರು ತೋಟದ ಪೈಪು ಹಿಡಿದು ಗಾಜಿನ ಮೇಲೆ ನೀರು ಹಾರಿಸುತ್ತಿದ್ದರು. ಮಸೀದಿಯ ಬಾಂಗ್ ಕೇಳಿದ ಕೂಡಲೇ ಎಲ್ಲ ನಿಲ್ಲುತ್ತಿತ್ತು. ಆಗ ನಾನು ಚಹಾ ಕೊಡುತ್ತಿದ್ದೆ. ಉಳಿದ ಹೊತ್ತು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು, ಕಿಂಡಿಯ ಬಾಗಿಲನ್ನು ಎರಡು ಬೆರಳಷ್ಟು ತೆರೆದು ನೋಡುತ್ತಿದ್ದೆ.

ಈ ನಡುವೆ ಊರಿಗೆ ಹೋಗುವ ಮಾತೆತ್ತಿದರೆ ಇವರು ಜಾರಿಕೊಳ್ಳುತ್ತಿದ್ದರು. ಟಿಕೆಟ್ ಎಂದರೆ, "ನೋಡೂಣು." ರಾಜೀನಾಮೆ ಪತ್ರ ಎಂದರೆ, "ಸಾಹೇಬ್ರು ರಜಾದಾಗ ಅದಾರ." ಆ ಸಾಹೇಬರು ಪ್ರತಿ ಶುಕ್ರವಾರ ನಮ್ಮ ನಡುಮನೆಯಲ್ಲೇ ದೀಪ ಹಿಡಿದು ನಿಂತಿರುತ್ತಿದ್ದರು. ನನಗೆ ಆಗಲೇ ತಿಳಿಯಬೇಕಿತ್ತು. ಗೋಣಿಚೀಲದಲ್ಲಿ ಕಟ್ಟಿದ ಬೆಕ್ಕಿನ ಹಾಗೆ ಒಳಗೇ ಮಿಸುಕಾಡುತ್ತಿದ್ದೆ, ಕೇಳಲು ಮಾತ್ರ ಹೆದರುತ್ತಿದ್ದೆ.

ಐದನೆಯ ಶುಕ್ರವಾರ ಸುರಕ್ಷತಾ ಅಧಿಕಾರಿ ಬರಲಿಲ್ಲ. ಅವನ ತಾಯಿಗೆ ಹುಷಾರಿಲ್ಲವೆಂದು ಹಿಂದಿನ ದಿನವೇ ಇಂಗ್ಲೆಂಡಿಗೆ ಹೊರಟುಹೋಗಿದ್ದ. ಅಪ್ಪ ಮನೆ ಬಿಡುವ ಮಾತು ಹೇಳುವ ದೃಶ್ಯವೊಂದು ಉಳಿದಿತ್ತು. ಅದನ್ನು ಅವನ ಬೆನ್ನ ಹಿಂದಿನಿಂದ ತೆಗೆಯಬೇಕಿತ್ತು, ಎದುರಿಗೆ ಊಟ ಮಾಡುತ್ತಿರುವವರ ಮುಖ ಕಾಣುವಂತೆ. ನಿರ್ದೇಶಕಿ ಕೋಣೆಯಲ್ಲಿ ಒಂದು ಸುತ್ತು ಕಣ್ಣಾಡಿಸಿ ಇವರ ಮೇಲೆ ನಿಲ್ಲಿಸಿದಳು. ಎತ್ತರ ಅದೇ, ಭುಜವೂ ಅದೇ. ತಲೆಗೆ ಪೌಡರ್ ಸುರಿದು ಕೂದಲು ಬೆಳ್ಳಗೆ ಮಾಡಿದರು, ಅವನ ಸ್ವೆಟರ್ ತೊಡಿಸಿದರು. ಇವರಿಗೂ ಒಳಗೊಳಗೇ ಖುಷಿಯೇ.

"ಮಾತು ಆಮೇಲೆ ಅವನ ಧ್ವನಿಯಲ್ಲಿ ಸೇರಿಸುತ್ತೇನೆ," ಎಂದು ಅವಳು ವಿವರಿಸಿದಳು. "ಆದರೆ ಸುಮ್ಮನೆ ಕೂತರೆ ಬೆನ್ನಿಗೆ ಜೀವ ಇರುವುದಿಲ್ಲ. ನಿಮ್ಮ ಭಾಷೆಯಲ್ಲೇ ಏನಾದರೂ ಹೇಳಿ. ಹೇಳಲು ಕಷ್ಟವಾಗುವಂಥದ್ದು."

ಮೊದಲ ಸಲ ಇವರು ಹೇಳಿದ್ದು ಒಂದರಿಂದ ಹತ್ತರ ಮಗ್ಗಿ. ಕಿಂಡಿಯ ಹಿಂದೆ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ನಿರ್ದೇಶಕಿ ಕಟ್ ಎಂದು, "ನಿಮ್ಮ ಬೆನ್ನು ಸುಳ್ಳು ಹೇಳುತ್ತಿದೆ," ಎಂದಳು.

ಎರಡನೆಯ ಸಲ ಇವರು ಸ್ವೆಟರಿನ ತೋಳು ಜಗ್ಗಿಕೊಂಡರು. ಆಮೇಲೆ ಇವರು ಕೆಮ್ಮಿ, ಆ ಗೋದಿ ಹಿಟ್ಟಿನ ಕೋಳಿಗೆ ಹೇಳಿದರು: "ನಾ ಜೂನಿನ್ಯಾಗ ಊರಿಗೆ ಬರಂಗಿಲ್ಲ."

ನರ್ಸ್ ಸಾರಿನ ಬಟ್ಟಲು ಕೇಳಿದಳು. ಒಲೆಯ ಮೇಲೆ ಹಾಲಿಟ್ಟಿದ್ದೆ. ನಾನು ಅಲ್ಲಾಡಲಿಲ್ಲ.

"ಬ್ಯೂಟಿಫುಲ್," ಎಂದಳು ನಿರ್ದೇಶಕಿ. "ಇನ್ನೊಮ್ಮೆ."

"ಜನವರಿಯಾಗ ಸಹಿ ಮಾಡೇನಿ. ಎರಡ ವರ್ಷಕ್ಕ. ಆಕಿಗೆ ಹೇಳಿಲ್ಲ. ದಿನಾ ಹೇಳಬೇಕು ಅಂತೇನಿ, ದಿನಾ ಬಿಡತೇನಿ."

ಮಗನ ಪಾತ್ರದ ಯುವಕ ಕಿಟಕಿ ಮುಚ್ಚಲು ಎದ್ದ. ಹಾಲು ಉಕ್ಕಿ ಒಲೆಗೆ ಇಳಿಯಿತು. ಸದ್ದಾಗದಂತೆ ಗ್ಯಾಸ್ ಆರಿಸಿದೆ. ಆ ಕೋಣೆಯಲ್ಲಿ ಇವರಲ್ಲದೆ ಐದು ಜನರಿದ್ದರು, ಒಬ್ಬರಿಗೂ ಒಂದು ಅಕ್ಷರ ತಿಳಿಯುವಂತಿರಲಿಲ್ಲ.

ಮತ್ತೊಮ್ಮೆ ತೆಗೆಯೋಣ, ಇದೇ ಕೊನೆ ಎಂದಳು. ಈ ಸಲ ಇವರು ಮುಂದಿನ ತಟ್ಟೆಯನ್ನು ಆಚೆ ದೂಡಿದರು. "ಊರಾಗ ನಾ ಏನ ಮಾಡ್ಲಿ? ಆಕಿಗೆ ಸಾಲಿ ಐತಿ, ಮಗಳಿಗೆ ಕಾಲೇಜ ಐತಿ. ನಾ ಮುಂಜಾನೆದ್ದು ಎಲ್ಲಿ ಹೋಗ್ಲಿ? ನನಗ ಅಂಜಿಕಿ ಬರತೈತಿ."

ಹದಿನೆಂಟು ವರ್ಷದ ಸಂಸಾರದಲ್ಲಿ ಇವರ ಬಾಯಲ್ಲಿ ಅಂಜಿಕೆ ಎಂಬ ಮಾತು ನಾನು ಕೇಳಿರಲಿಲ್ಲ. ಆದರೂ ಆ ಗಳಿಗೆಯಲ್ಲಿ ಮರುಕ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಒಳಗೆ ನುಗ್ಗಿ ಮೇಜನ್ನೇ ಉರುಳಿಸಬೇಕು ಅನ್ನಿಸಿತು.

ಕಟ್ ಎಂದದ್ದೇ ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ಪೌಡರ್ ತಲೆಯಲ್ಲೇ ಅಡುಗೆಮನೆಗೆ ಬಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ನಿರ್ದೇಶಕಿ ಕೂಗಿದಳು: "ಯಾರೂ ಮಾತಾಡಬೇಡಿ! ಒಂದು ನಿಮಿಷ ಮನೆಯ ಮೌನವನ್ನು ರೆಕಾರ್ಡ್ ಮಾಡಬೇಕು." ಆಮೇಲೆ ಮಾತುಗಳ ನಡುವೆ ಜೋಡಿಸಲು ಅದು ಬೇಕಂತೆ. ಹೀಗಾಗಿ ನಾವಿಬ್ಬರೂ ಉಕ್ಕಿದ ಹಾಲಿನ ಮುಂದೆ ಎದುರುಬದುರು ನಿಂತೆವು. ಬೆವರು ಇವರ ಹಣೆಯ ಪೌಡರಿನಲ್ಲಿ ಗೆರೆ ಎಳೆಯುತ್ತಿತ್ತು. ಅಷ್ಟು ಹೊತ್ತು ನಾವು ಒಬ್ಬರ ಮುಖ ಒಬ್ಬರು ನೋಡಿ ಎಷ್ಟು ವರ್ಷವಾಗಿತ್ತೋ.

"ಖಲಾಸ್!" ಎಂದಳು ಅವಳು.

"ಎರಡ ವರ್ಷಾ?" ಎಂದೆ.

"ಹೂಂ."

"ನಾ ಇಲ್ಲಿ ನಿಂತಿದ್ದು ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು. ಅದಕ್ಕ ಹೇಳಿದೆ. ಅಲ್ಲಿ ಆದ್ರ ನಿನಗ ಒದರಾಕ ಬರ್ತಿರಲಿಲ್ಲ."

ಅಂದು ಎಲ್ಲರಿಗೂ ಉಪ್ಪಿಟ್ಟು ಬಡಿಸಿದೆ, ಚಹಾ ಕೊಟ್ಟೆ. ನಿರ್ದೇಶಕಿ ನನ್ನ ಕೈ ಹಿಡಿದು, "ನಿಮ್ಮ ಯಜಮಾನರು ಹುಟ್ಟು ನಟ," ಎಂದಳು. ಥ್ಯಾಂಕ್ಯೂ ಎಂದೆ.

ಸಂಜೆ ಟ್ಯೂಷನ್‌ನಿಂದ ಬಂದ ಮಗಳಿಗೆ ನಡೆದದ್ದನ್ನು ಹೇಳಿದೆ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಹಿ ಟೋಲ್ಡ್ ದಿ ಚಿಕನ್?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಬಹಳ ಹೊತ್ತು ಉಗುರು ಕಚ್ಚುತ್ತ ಕೂತು, "ಸೋ ವಿ ಆರ್ ನಾಟ್ ಗೋಯಿಂಗ್?" ಎಂದಳು.

"ನಾವಿಬ್ರೂ ಹೋಗ್ತೇವಿ," ಎಂದೆ. ಹೇಳಿದ ಮೇಲೆ ನನಗೇ ಗೊತ್ತಾಯಿತು, ಅದು ಆಗಲೇ ತೀರ್ಮಾನವಾಗಿಬಿಟ್ಟಿದೆ ಎಂದು.

ಇವರು ಬೇಡವೆನ್ನಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ. ಮುಂದಿನ ವಾರವೆಲ್ಲ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು ಸುಮ್ಮನೆ ನನ್ನ ಹಿಂದೆ ಹಿಂದೆ ಅಡ್ಡಾಡಿದರು. ನಾನು ಬಟ್ಟೆ ಒಣಹಾಕಿದರೆ ಅಲ್ಲಿ, ಅಕ್ಕಿ ಆರಿಸಿದರೆ ಇಲ್ಲಿ. ಒಂದು ದಿನ ತಡೆಯಲಾರದೆ, "ಏನ್ ಬೇಕ್ರಿ ನಿಮಗ?" ಎಂದು ರೇಗಿದೆ. "ಬೈಬೇಕಾದ್ರ ಬೈದಬಿಡು," ಎಂದರು. ಬೈದೆ. ಹನ್ನೊಂದು ವರ್ಷದ್ದನ್ನೆಲ್ಲ ಒಂದೇ ಮಧ್ಯಾಹ್ನ ಬೈದೆ. ಇವರು ಕೇಳಿಸಿಕೊಂಡರು. ಆಮೇಲೆ ಕೆಲಸಕ್ಕೆ ತಡವಾಯಿತೆಂದು ಓಡಿದರು.

ಮೇ ತಿಂಗಳಲ್ಲಿ ಶಾಲೆಯ ಸಭಾಂಗಣದಲ್ಲಿ ಸಿನಿಮಾ ತೋರಿಸಿದರು. ಎಂಬತ್ತು ಜನ ಇದ್ದಿರಬಹುದು. ನಮ್ಮ ಮನೆ ಪರದೆಯ ಮೇಲೆ ತಣ್ಣಗೆ, ಬೂದುಬಣ್ಣದಲ್ಲಿ, ಎಂದೂ ಕಾಣದ ಯಾವುದೋ ದೇಶದಲ್ಲಿತ್ತು. ಆ ದೃಶ್ಯ ಬಂದಾಗ ಸಭೆಯೆಲ್ಲ ನಗುತ್ತಿತ್ತು. ಬೆನ್ನು ಇವರದು, ಧ್ವನಿ ಆ ಇಂಗ್ಲಿಷಿನವನದು. ನನ್ನ ಕಿವಿಗೆ ಮಾತ್ರ ಕನ್ನಡವೇ ಕೇಳುತ್ತಿತ್ತು. ನಡುನಡುವೆ ಜೋಡಿಸಿದ್ದ ಆ ಒಂದು ನಿಮಿಷದ ಮೌನ ತುಂಡು ತುಂಡಾಗಿ ಬಂದುಹೋಯಿತು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಕುರ್ಚಿಯ ಮೇಲೆ ಕೂತಿರಲಾಗದೆ ಎರಡು ಸಲ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಬಂದೆ.

ಕಾರಿನಲ್ಲಿ ಇವರು ಕೇಳಿದರು: "ನನ್ನ ಬೆನ್ನು ಇಷ್ಟು ಬಾಗೇತೇನು?"

"ಹೌದ್ರಿ."

ಇವರು ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕಾರು ಓಡಿಸಿದರು.

ಜೂನ್ ಮೊದಲ ವಾರ ನಾನೂ ಮಗಳೂ ಹೊರಟೆವು. ಶಾಲೆ ಸೇರಿದೆ. ಮೊದಲ ತಿಂಗಳು ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಅಳಿಸಿ ಅಳಿಸಿ ಮತ್ತೆ ಬರೆಯುತ್ತಿದ್ದೆ. ಹನ್ನೊಂದು ವರ್ಷ ಬಿಟ್ಟ ಲೆಕ್ಕ ಮಕ್ಕಳೆದುರು ತಪ್ಪುತ್ತಿತ್ತು. ಸಂಜೆ ಮನೆಗೆ ಬಂದರೆ ಇಲ್ಲೂ ಕಾಲು ನಿಲ್ಲುತ್ತಿರಲಿಲ್ಲ. ಅಹ್ಮದಿಯ ಬೀದಿಗಳು ನೆನಪಾಗಿ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಶುಕ್ರವಾರ ಇವರ ಫೋನು. ಕಣ್ಣೆದುರಿದ್ದಾಗ ಆಡದ ಮಾತನ್ನೆಲ್ಲ ಫೋನಿನಲ್ಲಿ ಆಡಿದರು. ಅನ್ನ ಸೀದದ್ದು, ಪಕ್ಕದ ಮನೆ ಖಾಲಿಯಾದದ್ದು, ಒಂದು ದಿನ ಕೆಲಸದಲ್ಲಿ ತಪ್ಪು ಮಾಡಿ ಹೆದರಿದ್ದು.

ಎರಡು ವರ್ಷ ಮುಗಿಸಿ ಇವರು ಬಂದರು. ಅವರೇ ಹೆದರಿದಂತೆ ಆಯಿತು. ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಟ್ಟೆಯ ಮೇಲೆ ಕೂರುತ್ತಿದ್ದರು. ಆರು ತಿಂಗಳು ಹೀಗೇ ನಡೆಯಿತು. ಒಂದು ಭಾನುವಾರ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಎದುರಿಗೆ ಬಂದು ಕೂತರು.

"ಅಹ್ಮದಿಯಿಂದ ಮತ್ತ ಕರದಾರ. ಇನ್ನೂ ಏನೂ ಹೇಳಿಲ್ಲ. ಮೊದಲ ನಿನ್ನ ಕೇಳತೇನಿ. ಹೋಗ್ಲೇನು?"

ಕೆಂಪು ಪೆನ್ನು ಕೆಳಗಿಟ್ಟೆ. ಇವರ ಕಣ್ಣು ನನ್ನ ಕಣ್ಣಲ್ಲೇ ಇತ್ತು.

"ಹೋಗ್ರಿ," ಎಂದೆ. ಮನಸ್ಸಿನಿಂದಲೇ ಹೇಳಿದೆ.