ಶೀಲ್ ರಸ್ತೆಯಲ್ಲಿ ಲೈಟು ಆರಿಸಿದ್ದು ಯಾರು

ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯ ಗೇಟು ದಾಟಿದಾಗ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿತ್ತು. ೨೦೧೫ರ ಜುಲೈ, ಶನಿವಾರ. ಬಿಡದೆ ಹೊಯ್ದ ಮಳೆ ಆಗಷ್ಟೇ ತುಸು ತಗ್ಗಿತ್ತು. ಮೊದಲು ಠಾಣೆಯ ಕೋಪರಿಗೆ, ಅಲ್ಲಿಂದ ನವಿ ಮುಂಬಯಿಯ ಕಾಮೋಠೆಗೆ, ಸಂಜೆ ತಳೋಜಾ ಮಾರ್ಗವಾಗಿ ವಾಪಸು. ಹೆಚ್ಚುಕಡಿಮೆ ಎಂಬತ್ತೈದು ಕಿಲೋಮೀಟರಿನ ಸುತ್ತು. ಇದನ್ನು ಪ್ರವಾಸ ಎಂದರೆ ನೀವು ನಕ್ಕೀರಿ. ದಾರಿಯಲ್ಲಿ ನೋಡತಕ್ಕ ಸ್ಥಳ ಒಂದೂ ಇರಲಿಲ್ಲ. ನೋಡಬೇಕಾಗಿದ್ದದ್ದು ನಮ್ಮದೇ ಕಾರಿನ ಹೆಡ್‌ಲೈಟು. ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ ಜಯಂತಿ ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಕೂತಿದ್ದಳು.

ನಡೆದದ್ದು ಇಷ್ಟು. ಜಯಂತಿ ಘಣಸೋಲಿಯ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಲೋಕಲ್ ರೈಲಿನ ನೂಕುನುಗ್ಗಲು ಸಾಕಾಗಿ ಆ ವರ್ಷವಷ್ಟೇ ಕಾರು ಕಲಿತಿದ್ದಳು. ಹದಿನೈದು ದಿನದ ಹಿಂದೆ, ಸಂಜೆ ಕತ್ತಲಾಗುವ ಹೊತ್ತಿಗೆ, ಶೀಲ್ ಫಾಟಾ ದಾಟಿ ಡೊಂಬಿವಲಿಯ ಕಡೆ ಬರುತ್ತಿದ್ದಾಗ ಹೆಡ್‌ಲೈಟು ಇದ್ದಕ್ಕಿದ್ದಂತೆ ಆರಿಹೋಯಿತು. ರಸ್ತೆ ದಾಟುತ್ತಿದ್ದ ಒಬ್ಬ ಅಜ್ಜಿಯ ಸೀರೆಗೆ ಬಂಪರ್ ತಾಗಿ ಕಾರು ನಿಂತಿತು. ಅಜ್ಜಿಗೆ ಏನೂ ಆಗಲಿಲ್ಲ, ಬೈದುಕೊಂಡು ಹೋದಳು. ಅಷ್ಟರಲ್ಲಿ ಲೈಟು ಏನೂ ಆಗದ ಹಾಗೆ ಮತ್ತೆ ಹತ್ತಿತ್ತು.

ನಮ್ಮದು ಆಟೊಮ್ಯಾಟಿಕ್ ಲೈಟಿನ ಕಾರು. ನಾಬನ್ನು ಆಟೊ ಎಂದು ಬರೆದಲ್ಲಿಗೆ ತಿರುಗಿಸಿಟ್ಟರೆ ಕತ್ತಲಾದಾಗ ದೀಪ ತಾನೇ ಹತ್ತಬೇಕು, ಬೆಳಕಾದಾಗ ತಾನೇ ಆರಬೇಕು. ನಾನು ಹಳೇ ಕಾಲದವನು, ಕೈಯಿಂದಲೇ ಹಾಕಿಕೊಳ್ಳುವವನು, ಹಾಗಾಗಿ ನನಗೆ ಈ ತೊಂದರೆ ಒಮ್ಮೆಯೂ ಬಂದಿರಲಿಲ್ಲ. ಮನೆಯ ಹತ್ತಿರದ ಗ್ಯಾರೇಜಿನವನೂ ನೋಡಿ, ಏನೂ ಇಲ್ಲ ಅಂದಿದ್ದ. "ನೀನೇ ಗಡಿಬಿಡಿಯಲ್ಲಿ ನಾಬ್ ತಿರುಗಿಸಿದ್ದಿ" ಎಂದು ನಾನು ತೀರ್ಪು ಕೊಟ್ಟುಬಿಟ್ಟೆ. ಆ ದಿನದಿಂದ ಅವಳು ಸ್ಟಿಯರಿಂಗ್ ಮುಟ್ಟಲಿಲ್ಲ.

ಕೈಯಿಂದಲೇ ಲೈಟು ಹಾಕಿದರೆ ಮುಗಿಯಿತಲ್ಲ ಎಂದೂ ಹೇಳಿ ನೋಡಿದ್ದೆ.

"ಅದಲ್ಲ ಮಾರಾಯ್ರೆ," ಅಂದಿದ್ದಳು. "ಗಾಡಿದು ತಪ್ಪಾದ್ರೆ ರಿಪೇರಿ ಉಂಟು. ನನಗೇ ಗೊತ್ತಾಗದ ಹಾಗೆ ನನ್ನ ಕೈ ಲೈಟು ಆರಿಸಿದ್ದಾದ್ರೆ, ನಾಳೆ ಬ್ರೇಕಿನ ಕತೆ ಎಂತ?"

ಲ್ಯಾಬಿನವರು ಅವಳಿಗೆ ಬಡ್ತಿ ಕೊಟ್ಟಿದ್ದರು. ಸೋಮವಾರದಿಂದ ಐರೋಲಿಯಿಂದ ಪನ್ವೇಲ್‌ವರೆಗಿನ ಐದು ಶಾಖೆಗಳನ್ನು ದಿನಾ ಕಾರಿನಲ್ಲಿ ಸುತ್ತಿ ನೋಡಿಕೊಳ್ಳುವ ಕೆಲಸ. ಎಂಟು ವರ್ಷ ಅದಕ್ಕೆ ಕಾದಿದ್ದವಳು ಈಗ, ಬೇಡ ಎಂದು ಕಾಗದ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು.

ಕಾಟಯಿ, ಶೀಲ್ ಫಾಟಾ, ಅಲ್ಲಿಂದ ಮುಂಬ್ರಾ ಬೈಪಾಸ್. ಹೊಂಡ ತಪ್ಪಿಸಲು ಹೋದರೆ ಕಂಟೇನರ್ ಲಾರಿ, ಲಾರಿ ತಪ್ಪಿಸಲು ಹೋದರೆ ಹೊಂಡ. ಬೈಪಾಸಿನ ಏರಿನಲ್ಲಿ ಮೋಡ ಕವಿದು ಹಗಲೇ ಮಬ್ಬಾಯಿತು. ಪರೀಕ್ಷೆಗೆಂದೇ ನಾಬನ್ನು ಆಟೊದಲ್ಲಿ ಇಟ್ಟಿದ್ದೆ. ಲೈಟು ಹತ್ತಿತು. ಸ್ವಲ್ಪ ಹೊತ್ತಿಗೆ ಆರಿತು.

"ನೋಡಿದ್ರಾ?" ಜಯಂತಿ ನೆಟ್ಟಗೆ ಕೂತಳು.

"ಮೋಡ ಸರಿದದ್ದು, ಮಾರಾಯ್ತಿ. ಬೆಳಕು ಬಂತಲ್ಲ."

ಬೆಳಕು ಬಂದಿತ್ತೋ ಇಲ್ಲವೋ, ಈಗಲೂ ಆಣೆಯಿಟ್ಟು ಹೇಳಲಾರೆ. ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಇಪ್ಪತ್ತೆರಡು ಕಿಲೋಮೀಟರಿಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಕೋಪರಿಯಲ್ಲಿ ರೈಲು ಹಳಿಯ ಪಕ್ಕದ ಗ್ಯಾರೇಜಿಗೆ ಕಾರು ಒಪ್ಪಿಸುವ ಮೊದಲು, ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿಯನ್ನು ಅದರ ಪುಟ್ಟ ಬಣ್ಣದ ದೀಪದ ಸಮೇತ ಬಿಡಿಸಿ, ಕರವಸ್ತ್ರದಲ್ಲಿ ಸುತ್ತಿ ಜಯಂತಿಯ ಬ್ಯಾಗಿಗೆ ಹಾಕಿದೆ. ಗ್ಯಾರೇಜಿನವರ ಎಣ್ಣೆಗೈ ದೇವರಿಗೆ ತಾಗಬಾರದೆಂಬುದು ನನ್ನ ಅಮ್ಮ ಉಡುಪಿಯಿಂದ ಫೋನಿನಲ್ಲೇ ಹಾಕಿಕೊಟ್ಟ ಕಟ್ಟಳೆ. ಡೊಂಬಿವಲಿಯ ಗ್ಯಾರೇಜಿಗೆ ಬಿಡುವಾಗಲೂ ಹಾಗೆಯೇ ಮಾಡಿದ್ದೆ.

ಮೇಸ್ತ್ರಿ ಐವತ್ತು ದಾಟಿದ ಮರಾಠಿ ಮನುಷ್ಯ. ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ ಎಂಟಾಣೆಯಗಲದ ಕಪ್ಪು ಗುಂಡಿಯೊಂದಿದೆ. ಹೊರಗಿನ ಬೆಳಕನ್ನು ಅಳೆಯುವ ಸೆನ್ಸರ್ ಅದು. ಅವನು ಅದರ ಮೇಲೆ ಬಟ್ಟೆ ಮುಚ್ಚಿದ, ಲೈಟು ಹತ್ತಿತು. ಬಟ್ಟೆ ತೆಗೆದ, ಆರಿತು. ಹತ್ತು ಸಲ ಮಾಡಿದ, ಹತ್ತು ಸಲವೂ ಚೂರೂ ತಪ್ಪಲಿಲ್ಲ. ಕಂಪ್ಯೂಟರಿಗೆ ಜೋಡಿಸಿ ನೋಡಿದ. ಅಲ್ಲಿಯೂ ದೋಷವಿಲ್ಲ.

"ಸೆನ್ಸರ್ ಎಕದಂ ಠೀಕ್ ಆಹೆ, ಸಾಹೇಬ್," ಎಂದ. ಆಮೇಲೆ ದನಿ ತಗ್ಗಿಸಿ, "ಮೇಡಂಚಾ ಹಾತ್ ಲಾಗಲಾ ಅಸೇಲ್."

ಮೇಡಂ ಅವರ ಕೈ ತಾಗಿರಬೇಕು ಎಂದು ಅರ್ಥ. ಕಲ್ಯಾಣದಲ್ಲೇ ಹುಟ್ಟಿ ಬೆಳೆದ ಜಯಂತಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಮುಖ ಬಾಡಿತು. ಇಲ್ಲಿ ನಿಜ ಹೇಳಿಬಿಡುತ್ತೇನೆ, ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತು. ನಾನು ಹೇಳಿದ್ದೇ ಸರಿಯಾಯಿತಲ್ಲ ಎಂಬ ಹಾಳು ಸಮಾಧಾನ.

ಕಳವಾ ಸೇತುವೆ ದಾಟಿ ಠಾಣೆ–ಬೇಲಾಪುರ ರಸ್ತೆ ಹಿಡಿಯುವಷ್ಟರಲ್ಲಿ ಮಳೆ ಮತ್ತೆ ಶುರುವಾಯಿತು. ಘಣಸೋಲಿಯ ಹಳೇ ಊರಿನ ಕಡೆ ತಿರುಗಿ, ಒಂದು ಚಿಕ್ಕ ಖಾನಾವಳಿಯಲ್ಲಿ ಊಟಕ್ಕೆ ಕೂತೆವು. ಎಪ್ಪತ್ತು ರೂಪಾಯಿಗೆ ಬಾಂಗ್ಡಾ ಮೀನಿನ ಸಾರು, ಅಕ್ಕಿರೊಟ್ಟಿ, ಅನ್ನ. ಮೀನು ತಾಜಾ ಇತ್ತು. ಜಯಂತಿ ಅನ್ನವನ್ನು ಸುಮ್ಮನೆ ಕಲಸುತ್ತಾ ಕೂತಿದ್ದಳು.

"ಇಲ್ಲೇ ಹತ್ತಿರ ಅಲ್ವಾ ಲ್ಯಾಬು," ಅಂದಳು. "ಕಾಗದ ಈಗಲೇ ಕೊಟ್ಟು ಬರ್ತೇನೆ. ಸೋಮವಾರದವರೆಗೆ ಯಾಕೆ?"

"ಕಾಮೋಠೆಯಲ್ಲಿ ಒಮ್ಮೆ ತೋರಿಸುವ."

"ತೋರಿಸಿ ಎಂತ ಮಾಡುದು? ಮೂರನೆಯವನೂ ನನ್ನ ಕೈ ಅಂತಾನೆ. ಅಷ್ಟೇ."

ಗಣಪತಿಯನ್ನು ಮತ್ತೆ ಅದರ ಜಾಗದಲ್ಲಿ ಅಂಟಿಸಿ, ದೀಪದ ವಯರು ಸಿಕ್ಕಿಸಿ, ಕಾರು ಹೊರಡಿಸಿದೆ. ಲ್ಯಾಬಿನ ರಸ್ತೆಯ ತಿರುವು ದಾಟುವವರೆಗೂ ನಾನು ಅವಳ ಕಡೆ ನೋಡಲಿಲ್ಲ.

ತುರ್ಭೆ, ನೆರೂಳ್, ಬೇಲಾಪುರ, ಖಾರ್ಘರ್. ಮಳೆಗೆ ಹೈವೇಯ ಲೇನುಗಳೇ ಕಾಣುತ್ತಿರಲಿಲ್ಲ. ಕಾಮೋಠೆ ಮುಟ್ಟಿದಾಗ ಐದು ಗಂಟೆ. ಅಲ್ಲಿನ ಮೆಕ್ಯಾನಿಕ್ ಈರಣ್ಣ ವಿಜಯಪುರದ ಕಡೆಯವನು, ವಾಹನಗಳ ವಯರಿಂಗ್ ಕೆಲಸದಲ್ಲಿ ಹೆಸರಾದವನೆಂದು ನನ್ನ ಆಫೀಸಿನವರೊಬ್ಬರು ಹೇಳಿದ್ದರು. ತಗಡಿನ ಶೆಡ್ಡು, ಎದುರಿಗೆ ಶಟರ್. ನಾನು ಎಂದಿನಂತೆ ಗಣಪತಿಗೆ ಕೈ ಹಾಕಿದೆ.

"ದೇವ್ರನ್ನ್ಯಾಕ ತಗೀತೀರಿ?" ಎಂದ ಈರಣ್ಣ.

ಕಾರಣ ಹೇಳಿದೆ.

"ಇರ್ಲಿ ಬಿಡ್ರಿ. ನಾ ಕೈ ತೊಳ್ಕೊಂಡ ಕೂಡತೇನಿ. ಆವತ್ತ ಗಾಡಿ ಹೊಡದಾವ್ರು ಯಾರು?"

ನಾನು ಬಾಯಿ ತೆರೆದೆ. ಅವನು ಕೈ ತೋರಿಸಿ ತಡೆದು ಜಯಂತಿಯ ಕಡೆ ತಿರುಗಿದ. "ಅಕ್ಕಾರ, ನೀವ ಹೇಳ್ರಿ. ಆವತ್ತ ಗಾಡ್ಯಾಗ ಏನೇನ್ ಚಾಲೂ ಇತ್ತು?"

ಹದಿನೈದು ದಿನದಲ್ಲಿ ಅವಳನ್ನೇ ಕೇಳಿದವನು ಇವನೊಬ್ಬ. ಜಯಂತಿ ಒಂದೊಂದಾಗಿ ನೆನಪು ಮಾಡಿಕೊಂಡು ಹೇಳಿದಳು. ವೈಪರ್ ಇತ್ತು, ಏಸಿ ಇತ್ತು, ರೇಡಿಯೋ ಇರಲಿಲ್ಲ, ಗಣಪತಿಯ ದೀಪ ಇತ್ತು. ಈರಣ್ಣ ಎಲ್ಲವನ್ನೂ ಹಾಗೆಯೇ ಮಾಡಿಸಿ, ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಕಾರನ್ನು ಶೆಡ್ಡಿನ ಒಳಗೆ ತರಿಸಿದ. ಆಮೇಲೆ ಹೊಗೆ ಹೋಗಲೆಂದು ಶೆಡ್ಡಿನ ಹಿಂಬಾಗಿಲನ್ನು ತುಸುವೇ ತೆರೆದಿಟ್ಟು ಮುಂದಿನ ಶಟರ್ ಎಳೆದ. ಒಳಗೆ ಕತ್ತಲಾಯಿತು. ಹೆಡ್‌ಲೈಟು ಹತ್ತಿ ಎದುರಿನ ಗೋಡೆಯ ಮೇಲೆ ಬಿತ್ತು.

"ಈಗ ಎರಡೂ ಕೈ ಮ್ಯಾಲ ಹಿಡೀರಿ, ಅಕ್ಕಾರ. ಏನೂ ಮುಟ್ಟಬ್ಯಾಡ್ರಿ."

ಜಯಂತಿ ಕೈಗಳೆರಡನ್ನೂ ತಲೆಯ ಮೇಲೆ ಎತ್ತಿ ಕೂತಳು. ನಾವು ಕಾದೆವು. ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಒಂದು ನಿಮಿಷವಾಯಿತು, ಏನೂ ಆಗಲಿಲ್ಲ. ಲೈಟು ಆರಲಿ ದೇವರೇ ಎಂದು ನಾನು ಮೊದಲ ಸಲ ಬೇಡಿಕೊಂಡೆ.

ಗೋಡೆಯ ಮೇಲಿನ ಬೆಳಕು ಫಕ್ಕನೆ ಆರಿತು.

"ನಾನು ಮುಟ್ಲಿಲ್ಲ!" ಜಯಂತಿ ಕೂಗಿದಳು. ಕೈ ಇನ್ನೂ ಮೇಲೆಯೇ ಇತ್ತು. "ನೋಡಿ, ನಾನು ಮುಟ್ಲಿಲ್ಲ!"

ಈರಣ್ಣ ಕಿಟಕಿಯಿಂದ ಕೈ ಒಳಗೆ ಚಾಚಿ, ಗಣಪತಿಯ ದೀಪಕ್ಕೂ ಕಪ್ಪು ಗುಂಡಿಗೂ ನಡುವೆ ಅಂಗೈ ಅಡ್ಡ ಹಿಡಿದ. ಸ್ವಲ್ಪ ಹೊತ್ತಿನಲ್ಲೇ ಹೆಡ್‌ಲೈಟು ಹತ್ತಿತು. ಕೈ ತೆಗೆದ. ದೀಪ ಕೆಂಪಾಯಿತು, ನೀಲಿಯಾಯಿತು, ಹೆಡ್‌ಲೈಟು ಹತ್ತಿಯೇ ಇತ್ತು. ಬಿಳಿಗೆ ತಿರುಗಿ ನಿಂತಿತು ನೋಡಿ, ಹೆಡ್‌ಲೈಟು ಆರಿತು. ಬಣ್ಣ ಬದಲಿಸುವ ಆ ಪುಟ್ಟ ದೀಪದ ಬಿಳಿ ಬೆಳಕು ನೇರವಾಗಿ ಸೆನ್ಸರಿನ ಮೇಲೆ ಬೀಳುತ್ತಿತ್ತು. ಸೆನ್ಸರು ಪಾಪ, ಬೆಳಗಾಯಿತೆಂದು ತಿಳಿದು ಲೈಟು ಆರಿಸುತ್ತಿತ್ತು. ಗ್ಯಾರೇಜಿಗೆ ಬಿಡುವಾಗಲೆಲ್ಲ ನಾನು ದೇವರ ಜೊತೆ ದೀಪವನ್ನೂ ಬಿಚ್ಚಿಕೊಂಡು ಹೋಗುತ್ತಿದ್ದೆ. ಮತ್ತೆ ಅವರಿಗೆ ದೋಷ ಸಿಗುವುದು ಎಲ್ಲಿಂದ?

"ದೇವ್ರ ದೀಪ ನಾ ಆರ್ಸಂಗಿಲ್ಲ. ಹಚ್ಚಿದಾವ್ರ ತಗೀಬೇಕು. ಯಾರು ಹಚ್ಚಿದ್ದು?"

ಹಚ್ಚಿದವನು ನಾನು. ಅವಳೊಬ್ಬಳೇ ಅಷ್ಟು ದೂರ ಓಡಿಸುತ್ತಾಳಲ್ಲ, ದೇವರ ಮುಂದೆ ಒಂದು ದೀಪವಿರಲಿ ಎಂದು ಠಾಣೆ ಸ್ಟೇಷನ್ನಿನ ಹೊರಗೆ ಕೊಂಡು ತಂದು, ಆ ಘಟನೆಯ ಎರಡು ದಿನ ಮೊದಲು ನನ್ನ ಕೈಯಾರೆ ಸಿಕ್ಕಿಸಿದ್ದೆ. ವಯರು ಕಿತ್ತು ಜೇಬಿಗೆ ಹಾಕಿಕೊಂಡೆ.

"ತಪ್ಪಾಯ್ತು, ಜಯಂತಿ," ಅಂದೆ. ಅವಳು ಡ್ರೈವರ್ ಸೀಟಿನಿಂದ ಇಳಿಯಲಿಲ್ಲ. ನಾನು ಸುತ್ತು ಬಂದು ಪಕ್ಕದ ಸೀಟಿನಲ್ಲಿ ಕೂತೆ.

ಹೊರಟಾಗ ಆರೂಮುಕ್ಕಾಲು. ಕಳಂಬೋಲಿ ದಾಟಿ ತಳೋಜಾ ರಸ್ತೆಗೆ ಬಂದಾಗ ಬೆಳಕು ತಗ್ಗಿ, ಹೆಡ್‌ಲೈಟು ತಾನಾಗಿ ಹತ್ತಿತು. ಎರಡೂ ಬದಿಯಿಂದ ಟ್ರೇಲರ್‌ಗಳು ಕೆಸರು ಎರಚುತ್ತಿದ್ದವು. ಜಯಂತಿ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದಿದ್ದಳು, ನಾನು ಸೀಟಿನ ಅಂಚನ್ನು. ಲೈಟು ಒಮ್ಮೆಯೂ ಆರಲಿಲ್ಲ. ಶೀಲ್ ಫಾಟಾ ಹತ್ತಿರವಾದಾಗ ಅವಳು ಮೊದಲ ಮಾತಾಡಿದಳು.

"ಲೈಟು ನಾನೇ ಆರಿಸಿದ್ದು ಅಂತ ಯಾರಿಗೆಲ್ಲ ಹೇಳಿದ್ರಿ?"

ಸುಳ್ಳು ಹೇಳುವ ಧೈರ್ಯವಾಗಲಿಲ್ಲ. "ಅಮ್ಮನಿಗೆ. ನಿನ್ನ ತಮ್ಮನಿಗೆ. ಕೆಳಗಿನ ಮನೆ ರಾವ್ ಅವರಿಗೆ. ಮತ್ತೆ... ನಿನ್ನ ಅಪ್ಪನಿಗೆ."

"ಫೋನ್ ಮಾಡಿ. ಸ್ಪೀಕರಿನಲ್ಲಿ ಹಾಕಿ."

ಒಬ್ಬೊಬ್ಬರಿಗೂ ಮಾಡಿದೆ. ಅಮ್ಮ, ದೇವರ ದೀಪದಿಂದ ಹಾಗಾಗಲಿಕ್ಕಿಲ್ಲ ಎಂದು ವಾದಕ್ಕೆ ನಿಂತರು. ಜಯಂತಿಯ ತಮ್ಮ ನಕ್ಕ. ರಾವ್ ಮೂರು ಸಲ ಕೇಳಿ ಮೂರು ಸಲ ಹೇಳಿಸಿಕೊಂಡರು. ಕೊನೆಗೆ ಕಲ್ಯಾಣದ ಮಾವ. ಅವಳ ಕೈಗೆ ಇನ್ನು ಕಾರು ಕೊಡಬೇಡಿ ಎಂದು ನನ್ನ ಮಾತು ಕೇಳಿಯೇ ಹೇಳಿದ್ದವರು.

"ಮಾವ, ಜಯಂತಿ ಲೈಟು ಆರಿಸಿದ್ದಲ್ಲ. ಆರಿದ್ದು ನಾನು ಇಟ್ಟ ದೀಪದಿಂದ. ನಾನೇ ತಪ್ಪು ಹೇಳಿದ್ದು."

"ಅವಳೆಲ್ಲಿದ್ದಾಳೆ ಈಗ?"

"ಕಾರು ಓಡಿಸ್ತಾ ಇದ್ದಾಳೆ."

"ಈ ಮಳೆಗಾ?"

ಅಷ್ಟರಲ್ಲಿ ಮಾನಪಾಡ ಬಂತು. ಡೊಂಬಿವಲಿಗೆ ಎಡಕ್ಕೆ ತಿರುಗಬೇಕಾದ ಜಾಗ ಅದು, ನೇರ ಹೋದರೆ ಕಲ್ಯಾಣ. ಜಯಂತಿ ತಿರುಗಿಸಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ನಮ್ಮ ರಸ್ತೆ ಮಳೆಯಲ್ಲಿ ಹಿಂದೆ ಬಿದ್ದಿತ್ತು.

"ಅಪ್ಪ," ಎಂದಳು, ಕಣ್ಣು ರಸ್ತೆಯ ಮೇಲೆಯೇ ಇಟ್ಟು. "ಅರ್ಧ ಗಂಟೆಯಲ್ಲಿ ಅಲ್ಲಿರ್ತೇನೆ. ಬಾಲ್ಕನಿಯಲ್ಲಿ ನಿಂತು ನೋಡಿ, ನಾನು ಬರುದನ್ನು."